‘ಆನೆ ಬಂತು’ ಎಂಬ ಸುಳ್ಳು ಕೂಗು

ಮುತ್ತತ್ತಿಯ ತಂಗುಮನೆಯಲ್ಲಿ ನಿಮ್ಮ ಮಗ ನಡುರಾತ್ರಿ ‘ಆನೆ ಬಂತು’ ಎಂದು ಕೂಗಿದ್ದು, ಎಲ್ಲರೂ ಎದ್ದುಬಿದ್ದು ಮೆಟ್ಟಿಲಿಗೆ ನುಗ್ಗಿದ್ದು, ಪಕ್ಕದ ಕೋಣೆಯ ಅಜ್ಜಿಯ ಮಣಿಕಟ್ಟು ಮುರಿದದ್ದು ನಿಮ್ಮ ಪತ್ರದಲ್ಲಿ ಓದಿ ಸಂಕಟವಾಯಿತು. ‘ಹುಡುಗಾಟ, ಬಿಟ್ಟುಬಿಡಿ’ ಎನ್ನುವ ನಿಮ್ಮ ಮನೆಯವರ ಮಾತನ್ನು ನಾನು ಒಪ್ಪಲಾರೆ.

ಕತ್ತಲಲ್ಲಿ ಮಲಗಿದ್ದವರು ಯೋಚಿಸಿ ಏಳುವುದಿಲ್ಲ. ಒಂದೇ ಬಾಗಿಲು, ಕಿರಿದಾದ ಮೆಟ್ಟಿಲು, ಸಾಲಾಗಿ ಹಾಸಿದ ಚಾಪೆಗಳು, ಕಂಕುಳಲ್ಲಿ ಮಗು. ಕಾಲು ತೊಡರಿ ಒಬ್ಬರು ಬಿದ್ದರೆ ಸಾಕು, ಹಿಂದಿನವರೆಲ್ಲ ಅವರ ಮೇಲೆಯೇ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ನಿಜವಾಗಿಯೇ ಬೆಂಕಿ ಬಿದ್ದಾಗ 9 ಮಂದಿ ಸತ್ತರು. ಗಾಬರಿಯಲ್ಲಿ ಮೇಲಿನಿಂದ ಹಾರಿದವರೂ ಅವರಲ್ಲಿದ್ದರು. ಕೂಗು ಸುಳ್ಳಾದರೂ ಜನ ಓಡುವುದು ಹೀಗೆಯೇ.

ಮುತ್ತತ್ತಿಯಲ್ಲಿ ಇನ್ನೂ ಒಂದು ಅಪಾಯವಿದೆ. ಅದು ಕಾವೇರಿ ವನ್ಯಧಾಮದೊಳಗಿನ ಊರು. ಆನೆ ನಿಜಕ್ಕೂ ಬರುತ್ತದೆ. ಪಕ್ಕದ ಕಾವೇರಿ ಹೊಳೆಯಲ್ಲಿ ಮೊಸಳೆಯಿದೆ, ಸುಳಿಯಿದೆ. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ನಾಳೆ ಯಾರೋ ನಿಜವಾಗಿ ಕೂಗಿದಾಗ, ‘ಮೊನ್ನೆಯಂಥದ್ದೇ’ ಎಂದು ಮಗ್ಗುಲು ಬದಲಿಸುವವರ ಗತಿಯೇನು?

ಮಗನನ್ನು ಹೊಡೆಯಬೇಡಿ. ಅಜ್ಜಿಯ ಮನೆಗೆ ಕರೆದೊಯ್ದು ಅವನಿಂದಲೇ ಕ್ಷಮೆ ಕೇಳಿಸಿ, ಚಿಕಿತ್ಸೆಯ ಖರ್ಚು ಕೊಡಿ. ವಿಪತ್ತಿನ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ದಿಗಿಲುಗೊಳಿಸಿದವರಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಒಂದು ವರ್ಷದವರೆಗೂ ಸೆರೆವಾಸ ಆಗಬಹುದು ಎಂಬುದನ್ನೂ ತಿಳಿಸಿ. ಹಾಗೆಂದು ಅವನ ಬಾಯಿ ಕಟ್ಟಬೇಡಿ. ಅನುಮಾನ ಬಂದರೆ ಕಾವಲುಗಾರನನ್ನು ಎಬ್ಬಿಸಲಿ, 112ಕ್ಕೆ ಕರೆ ಮಾಡಲಿ. ಒಳ್ಳೆಯ ಮನಸ್ಸಿನಿಂದ ಎಚ್ಚರಿಸಿ ತಪ್ಪಿದರೆ, ದಯವಿಟ್ಟು ಯಾರೂ ಅವನನ್ನು ಗದರದಿರಿ.