ಅಪ್ಪನ ಪೆನ್ನಿನ ‘51’

ಪ್ರಶ್ನೆ: ಅಡಿಕೆ ವ್ಯಾಪಾರಿಯಾಗಿದ್ದ ಅಪ್ಪನ ಪೆನ್ನಿನ ಮೇಲೆ ‘ಪಾರ್ಕರ್ 51’ ಎಂದಿದೆ. ಅದು 1951ರದು ಅಂತ ಜಗಳೂರಿನ ಭಾವನ ವಾದ. ನಿಜವೇ?
– ಓದುಗರು, ಚನ್ನಗಿರಿ

ಉತ್ತರ: ಭಾವನವರಿಗೆ ಬೇಸರವಾಗದ ಹಾಗೆ ತಿಳಿಸಿ, 51 ಇಸವಿಯಲ್ಲ, ಮಾದರಿಯ ಹೆಸರು. 1888ರಲ್ಲಿ ಶುರುವಾದ ಕಂಪನಿಗೆ 1939ರಲ್ಲಿ 51 ತುಂಬಿತ್ತು, ಅದೇ ಹೆಸರಾಯಿತು. ಪೆನ್ನು ಅಂಗಡಿಗೆ ಬಂದದ್ದು 1941ರಲ್ಲಿ.

ಇಸವಿ ಇರುವುದು ನಿಮ್ಮ ಫೋಟೊದಲ್ಲಿ ಬರಹದ ಪಕ್ಕ ಮಸುಕಾಗಿ ಕಾಣುವ ‘9’ ಮತ್ತು ಒಂದು ಚುಕ್ಕೆಯಲ್ಲಿ. ಅಂಕಿ ಇಸವಿಯ ಕೊನೆಯದು. ಚುಕ್ಕೆ ಮೂರಿದ್ದರೆ ವರ್ಷದ ಮೊದಲ ಮೂರು ತಿಂಗಳು. ಮುಂದೆ ಮೂರು ತಿಂಗಳಿಗೊಂದರಂತೆ ಚುಕ್ಕೆ ಕಳೆಯುತ್ತಾ ಹೋಗುತ್ತಿದ್ದರು. ಒಂದೇ ಉಳಿದಿದೆ ಎಂದರೆ ಜುಲೈ–ಸೆಪ್ಟೆಂಬರ್. 1939ರಲ್ಲಿ ಈ ಪೆನ್ನೇ ಇರಲಿಲ್ಲವಲ್ಲ, ಹಾಗಾಗಿ ನಿಮ್ಮದು 1949ರದು. ಹಿಂಬದಿ ತಿರುಚಿ ಬಿಚ್ಚಿ: ಒತ್ತುವ ಲೋಹದ ಪಟ್ಟಿ ಇದ್ದರೆ ಲೆಕ್ಕ ತಾಳೆಯಾಯಿತು, ಆ ವ್ಯವಸ್ಥೆ ಬಂದದ್ದು 1948ರಲ್ಲಿ.

ಕ್ಯಾಪನ್ನು ಮಾತ್ರ ನಂಬಬೇಡಿ, ಅದು ಸುಲಭವಾಗಿ ಅದಲುಬದಲಾಗುತ್ತದೆ. ಹೊನ್ನಾಳಿ, ನ್ಯಾಮತಿಯಿಂದಲೂ ಇಂಥದೇ ಫೋಟೊಗಳು ಬಂದಿವೆ. ಅವು ಚೀನಾದ ಹೀರೋ 616. ಮುಚ್ಚಿದ ನಿಬ್ಬು ನೋಡಿ ಮೋಸಹೋಗುವುದು ಸಹಜ. ಬರೆಯಲು ಅದೂ ಚೆನ್ನಾಗಿಯೇ ಇದೆ ಬಿಡಿ!

ವಿಭೂತಿ, ಟೂತ್‌ಪೇಸ್ಟ್ ಹಚ್ಚಿ ತಿಕ್ಕಬೇಡಿ. ಮೊದಲು ಅಳಿಸಿಹೋಗುವುದೇ ಆ ಚುಕ್ಕೆ. ಒಣಗಿದ ಇಂಕು ತೆಗೆಯಲು ತಣ್ಣೀರು ಸಾಕು.