ಬೇಸಗೆಯ ಹಿತ್ತಲ ತೋಟ: ನೆರೆಹೊರೆಯ ಗೆಲವು ಸೋಲುಗಳಿಂದ ಕಲಿಯತಕ್ಕ ಪಾಠ

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಹಿತ್ತಲಲ್ಲಿ ತರಕಾರಿ ಬೆಳೆಯುವ ಗೃಹಸ್ಥರು ಒಬ್ಬರೊಡನೊಬ್ಬರು ತಂತಮ್ಮ ಪೈರಿನ ಯೋಗಕ್ಷೇಮವನ್ನು ಹೇಳಿಕೊಳ್ಳುವುದು ಎಲ್ಲ ಊರುಗಳಲ್ಲಿಯೂ ಉಂಟು. ಒಂದು ಮನೆಯಲ್ಲಿ ಬೆಂಡೆಯು ದಿನ ಬಿಟ್ಟು ದಿನ ಬುಟ್ಟಿ ತುಂಬ ಕಾಯಿ ಕೊಡುತ್ತಿರುತ್ತದೆ. ಗೋಡೆಯಾಚೆಯ ಮನೆಯಲ್ಲಿ ಅದೇ ಬೆಂಡೆಯ ಎಲೆ ಹಳದಿಯಾಗಿ, ಕಾಯಿ ಬಿಳಿಚಿಕೊಂಡು ಬಿರುಸಾಗಿರುತ್ತದೆ. ಒಬ್ಬರ ಹೀರೆಯ ಬಳ್ಳಿ ಚಪ್ಪರ ಬಾಗುವಷ್ಟು ಫಲ ಬಿಟ್ಟರೆ ಮತ್ತೊಬ್ಬರದು ಹೂವಿನಲ್ಲಿಯೇ ಮುಗಿಯುತ್ತದೆ. ಗೆದ್ದವರದು ಒಳ್ಳೆಯ ಕೈಗುಣವೆಂದೂ, ಸೋತವರಿಗೆ ಅಂಗಡಿಯವನು ಕೆಟ್ಟ ಬೀಜ ಕೊಟ್ಟನೆಂದೂ ಜನರು ತೀರ್ಮಾನಿಸಿ ಸುಮ್ಮನಾಗುತ್ತಾರೆ.

ಈ ತೀರ್ಮಾನದಿಂದ ಯಾರಿಗೂ ಪ್ರಯೋಜನವಿಲ್ಲ. ಕೈಗುಣವನ್ನು ನೆರೆಯವರಿಂದ ಕಡ ತರುವಂತಿಲ್ಲ. ಬೀಜವನ್ನು ದೂರಿದರೆ ಮುಂದಿನ ವರ್ಷವೂ ಅದೇ ತಪ್ಪು ನಡೆಯುತ್ತದೆ. ಬೇಸಗೆಯ ಸೋಲುಗಳಲ್ಲಿ ಬಹುಪಾಲು ಕೆಲವೇ ಕಾರಣಗಳಿಂದ ಉಂಟಾಗತಕ್ಕವು: ಕಾಲವಲ್ಲದ ಕಾಲದ ಬಿತ್ತನೆ, ಶಾಖವನ್ನು ಸಹಿಸದ ಪೈರು, ಕೀಟ, ಮತ್ತು ನೀರಿನ ಲೆಕ್ಕ ತಪ್ಪುವುದು. ಗೆಲವು ಸೋಲುಗಳೆರಡನ್ನೂ ಅವುಗಳ ಸಂದರ್ಭದೊಡನೆ ಹೇಳಿಕೊಂಡರೆ ಈ ಕಾರಣಗಳು ತಾವಾಗಿಯೇ ಹೊರಬೀಳುತ್ತವೆ. ಬಾವಿಯ ನೀರು ತಳ ಕಾಣುವ ತಿಂಗಳುಗಳಲ್ಲಿ ಫಲ ಕೊಡದ ಗಿಡಕ್ಕೆ ಹೊಯ್ದ ಪ್ರತಿಯೊಂದು ಕೊಡವೂ ಫಲ ಕೊಡಬಹುದಾಗಿದ್ದ ಗಿಡದಿಂದ ಕಿತ್ತುಕೊಂಡದ್ದೆಂಬುದನ್ನು ಮರೆಯತಕ್ಕದ್ದಲ್ಲ.

ಹೂ ಬಿಟ್ಟು ಕಾಯಿ ಕಟ್ಟದ ಟೊಮೇಟೊ

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ದೂರು ಟೊಮೇಟೊ ಗಿಡದ್ದು. ಗಿಡವು ಹಸುರಾಗಿ ಎದೆಯೆತ್ತರ ಬೆಳೆದು ಹೂ ತುಂಬಿರುತ್ತದೆ. ಆದರೆ ಹೂವು ತೊಟ್ಟಿನ ಗೆಣ್ಣಿನಲ್ಲಿ ಕಳಚಿ ಬೀಳುತ್ತದೆ. ಹಗಲಿನ ಶಾಖವು ಸುಮಾರು 35 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿ, ರಾತ್ರಿಯಲ್ಲಿಯೂ 21 ಡಿಗ್ರಿಗಿಂತ ಕೆಳಗಿಳಿಯದೆ ಇದ್ದರೆ ಟೊಮೇಟೊ ಹೂವಿನ ಪರಾಗವು ಶಕ್ತಿಗುಂದುತ್ತದೆ, ಕಾಯಿ ಕಟ್ಟುವುದಿಲ್ಲ. ತಂಪಾದ ಊರೆಂದು ಹೆಸರಾದ ಬೆಂಗಳೂರಿನಲ್ಲಿಯೂ ಏಪ್ರಿಲ್ ತಿಂಗಳ ಹಗಲಿನ ಶಾಖ ಸರಾಸರಿ 34 ಡಿಗ್ರಿಯಷ್ಟು ಇರುತ್ತದೆ. ರಾಯಚೂರು, ಕಲಬುರಗಿಯ ಕಡೆ ಅದು ಮೇ ತಿಂಗಳಲ್ಲಿ 40 ಡಿಗ್ರಿಯನ್ನು ಮುಟ್ಟುತ್ತದೆ.

ಹೂ ಉದುರುವುದನ್ನು ಕಂಡ ಗೃಹಸ್ಥರು ಸಾಮಾನ್ಯವಾಗಿ ಗೊಬ್ಬರ ಸಾಲದೆಂದು ಭಾವಿಸಿ ಮತ್ತಷ್ಟು ಗೊಬ್ಬರವನ್ನು ಹಾಕುತ್ತಾರೆ. ಇದರಿಂದ ಸಾರಜನಕ ಹೆಚ್ಚಾಗಿ ಸೊಪ್ಪು ಸೊಂಪಾಗುತ್ತದೆಯೇ ಹೊರತು ಹೂ ನಿಲ್ಲುವುದಿಲ್ಲ. ಅದೇ ಬೀದಿಯಲ್ಲಿ ಟೊಮೇಟೊ ಬೆಳೆದು ಗೆದ್ದವರನ್ನು ವಿಚಾರಿಸಿದರೆ, ಅವರು ನವೆಂಬರ್ ಡಿಸೆಂಬರ್ ತಿಂಗಳುಗಳಲ್ಲಿಯೇ ಸಸಿ ನಾಟಿ, ಬಿಸಿಲು ಏರುವುದರೊಳಗೆ ಕಾಯಿ ಕಟ್ಟಿಸಿಕೊಂಡಿದ್ದರೆಂದು ತಿಳಿಯುವುದು. ಇಬ್ಬರ ಬೀಜವೂ ಒಂದೇ ಆಗಿರಬಹುದು, ಬೇರೆಯಾದದ್ದು ತಿಂಗಳು. ತಡವಾಗಿ ನಾಟಿದವರು ಗಿಡಕ್ಕೆ ಮಧ್ಯಾಹ್ನದ ಬಿಸಿಲು ತಾಕದಂತೆ ತೆಂಗಿನ ಗರಿಯ ತೆಳು ಚಪ್ಪರವನ್ನಾಗಲಿ ನೆರಳು ಬಲೆಯನ್ನಾಗಲಿ ಕಟ್ಟಿ, ಬುಡದ ಹದ ಕಾಪಾಡಿಕೊಂಡರೆ ಮಳೆ ಬಿದ್ದು ತಂಪಾದಾಗ ಗಿಡವು ಮತ್ತೆ ಕಾಯಿ ಹಿಡಿಯಬಹುದು.

ಹಣ್ಣಿನ ತುದಿ ಕಪ್ಪಾಗಿ ಕುಳಿ ಬೀಳುವುದು ಮತ್ತೊಂದು ದೂರು. ಇದು ಅಂಟುಜಾಡ್ಯವಲ್ಲ. ಒಂದು ದಿನ ನೀರು ತುಂಬಿಸಿ ನಾಲ್ಕು ದಿನ ಒಣಗಿಸಿದರೆ ಬೇರು ಸುಣ್ಣದ ಅಂಶವನ್ನು ಕಾಯಿಯ ತುದಿಗೆ ಮುಟ್ಟಿಸಲಾರದೆ ಹೀಗಾಗುತ್ತದೆ. ನೀರನ್ನು ಸಮನಾಗಿ ಕೊಡುವುದೇ ಮೊದಲ ಪರಿಹಾರ.

ಹುರುಳಿಕಾಯಿಯದೂ ಇದೇ ಕಥೆ. ಉರಿಬಿಸಿಲಿನಲ್ಲಿ ಅದರ ಹೂ ನಿಲ್ಲುವುದಿಲ್ಲ. ಆದುದರಿಂದ ಬೇಸಗೆಯಲ್ಲಿ ಅದರ ಸ್ಥಾನದಲ್ಲಿ ಅಲಸಂದೆಯನ್ನಾಗಲಿ, ಉತ್ತರದ ಜಿಲ್ಲೆಗಳಲ್ಲಿ ಚವಳಿಕಾಯಿ ಎನ್ನುವ ಗೋರಿಕಾಯಿಯನ್ನಾಗಲಿ ಬಿತ್ತತಕ್ಕದ್ದು. ಇವೆರಡೂ ಶಾಖವನ್ನೂ ನೀರಿನ ಕೊರತೆಯನ್ನೂ ಚೆನ್ನಾಗಿ ತಾಳಿಕೊಳ್ಳುತ್ತವೆ.

ಬೆಂಡೆಯ ಹಳದಿ ರೋಗ

ಬೆಂಡೆಯು ನಿಜವಾಗಿ ಬೇಸಗೆಯ ಪೈರು. ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿದರೆ ಮೊಳಕೆ ಬೇಗ ಬರುತ್ತದೆ. ಸುಮಾರು 45 ದಿನಗಳಲ್ಲಿ ಹೂವಾಗಿ, ಹೂವಾದ ಐದಾರು ದಿನಗಳಲ್ಲಿ ಎಳೆಯ ಕಾಯಿ ಕೊಯ್ಲಿಗೆ ಬರುತ್ತದೆ. ಕಾಯಿಯನ್ನು ಗಿಡದಲ್ಲಿ ಬಲಿಯಲು ಬಿಟ್ಟರೆ ಮುಂದಿನ ಹೂ ಕಡಮೆಯಾಗುವುದರಿಂದ, ದಿನ ಬಿಟ್ಟು ದಿನ ಕೊಯ್ಯುವವರಿಗೇ ಹೆಚ್ಚು ಫಲ ಸಿಕ್ಕುತ್ತದೆ.

ಇಷ್ಟು ಗಟ್ಟಿಯಾದ ಪೈರನ್ನು ಕೆಡಿಸುವುದು ಹಳದಿ ನರದ ರೋಗ. ಇದು ಭಾರತದಲ್ಲಿ ಮೊದಲು ಮುಂಬಯಿ ಪ್ರಾಂತದಿಂದ 1924ರಲ್ಲಿ ವರದಿಯಾಯಿತು. ಎಲೆಯ ನರಗಳು ಹಳದಿಯ ಬಲೆಯಂತೆ ಕಾಣುತ್ತವೆ. ಬಳಿಕ ಎಲೆಯೆಲ್ಲ ಹಳದಿಯಾಗಿ ಕಾಯಿ ಚಿಕ್ಕದೂ ನಾರುನಾರೂ ಆಗುತ್ತದೆ. ಇದನ್ನು ಗೊಬ್ಬರದ ಕೊರತೆಯೆಂದು ತಿಳಿಯುವುದು ತಪ್ಪು. ಇದು ಕಣ್ಣಿಗೆ ಕಾಣದ ವೈರಾಣುವಿನ ರೋಗ. ಎಲೆಯ ಕೆಳಮೈಯಲ್ಲಿ ಕುಳಿತು ರಸ ಹೀರುವ ಬಿಳಿನೊಣವೆಂಬ ಸಣ್ಣ ಕೀಟವು ಇದನ್ನು ಗಿಡದಿಂದ ಗಿಡಕ್ಕೆ ಹರಡುತ್ತದೆ. ಬೇಸಗೆಯ ಒಣಹವೆಯಲ್ಲಿ ಈ ಕೀಟ ಹೆಚ್ಚುತ್ತದೆ.

ರೋಗ ಹತ್ತಿದ ಗಿಡಕ್ಕೆ ಔಷಧವಿಲ್ಲ. ಮೊದಲ ಗಿಡದಲ್ಲಿ ಲಕ್ಷಣ ಕಂಡೊಡನೆಯೇ ಕಿತ್ತು ಸುಡತಕ್ಕದ್ದು. ಎರಡು ಗಿಡ ಹೋಯಿತೆಂದು ಮರುಗಿ ಉಳಿಸಿಕೊಂಡವರ ಮಡಿಯೆಲ್ಲ ಹೋಗುತ್ತದೆ. ನೆರೆಯವರ ಮಡಿಗೂ ಕೇಡು ಮುಟ್ಟುತ್ತದೆ. ಆದಕಾರಣ ಈ ಸೋಲನ್ನು ಮುಚ್ಚಿಡದೆ ಕೂಡಲೇ ನೆರೆಹೊರೆಗೆ ತಿಳಿಸುವುದು ಒಳ್ಳೆಯದು. ಬೇವಿನ ಬೀಜದ ತಿರುಳಿನ 50 ಗ್ರಾಂ ಪುಡಿಯನ್ನು ಒಂದು ಲೀಟರು ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿ, ಸೋಸಿ, ಸ್ವಲ್ಪ ಸಾಬೂನಿನ ನೀರು ಬೆರೆಸಿ ಸಂಜೆಯ ಹೊತ್ತು ಎಲೆಯ ಕೆಳಮೈಗೆ ತಾಕುವಂತೆ ಸಿಂಪಡಿಸಿದರೆ ಬಿಳಿನೊಣ ಕಡಮೆಯಾಗುತ್ತದೆ. ಈ ರೋಗವನ್ನು ತಡೆಯುವ ತಳಿಗಳೂ ಉಂಟು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಕಾಡುಜಾತಿಯ ಬೆಂಡೆಯೊಡನೆ ಸಂಕರ ಮಾಡಿ ಪಡೆದ ಅರ್ಕಾ ಅನಾಮಿಕ ಅಂಥದೊಂದು. ಆದರೆ ತಳಿಯ ತಡೆಶಕ್ತಿ ಎಲ್ಲ ಕಡೆಯಲ್ಲಿಯೂ ಎಲ್ಲ ವರ್ಷಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲವಾದುದರಿಂದ ಕೀಟದ ಮೇಲಣ ಎಚ್ಚರಿಕೆಯನ್ನು ಬಿಡಲಾಗದು.

ಬಳ್ಳಿ ತರಕಾರಿಗಳು

ಹೀರೆ, ಸೋರೆ, ಸೌತೆ, ಕುಂಬಳ, ಹಾಗಲ ಇವುಗಳಲ್ಲಿ ಗಂಡು ಹೂ, ಹೆಣ್ಣು ಹೂ ಎಂದು ಎರಡು ಬಗೆಯುಂಟು. ಹೂವಿನ ಕೆಳಗೆ ಪುಟ್ಟ ಮಿಡಿಯಿದ್ದರೆ ಅದು ಹೆಣ್ಣು ಹೂ. ಬರಿಯ ತೊಟ್ಟಿದ್ದರೆ ಗಂಡು ಹೂ. ಬಳ್ಳಿಯಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಗಂಡು ಹೂಗಳೇ. ಅವು ಉದುರುವುದನ್ನು ಕಂಡು ಬಳ್ಳಿ ಬಂಜೆಯೆಂದು ಕಿತ್ತುಹಾಕಿದವರಿದ್ದಾರೆ. ಇನ್ನೆರಡು ವಾರ ತಾಳಿದ್ದರೆ ಹೆಣ್ಣು ಹೂ ಬರುತ್ತಿತ್ತು.

ಹೆಣ್ಣು ಹೂ ಬಂದರೂ ಮಿಡಿ ಹಳದಿಯಾಗಿ ಉದುರಿದರೆ ಪರಾಗ ಸೇರಲಿಲ್ಲವೆಂದು ತಿಳಿಯಬಹುದು. ಪೇಟೆಯ ನಡುವಣ ಹಿತ್ತಲುಗಳಲ್ಲಿ ಜೇನುನೊಣ ಬಾರದಿದ್ದರೆ ಹೀಗಾಗುತ್ತದೆ. ಆಗ ಗಂಡು ಹೂವೊಂದನ್ನು ಕಿತ್ತು, ದಳಗಳನ್ನು ಬಿಡಿಸಿ, ಅದರ ಪರಾಗವನ್ನು ಹೆಣ್ಣು ಹೂವಿನ ನಡುವಣ ಅಂಟಾದ ಭಾಗಕ್ಕೆ ಮೆಲ್ಲನೆ ಸವರತಕ್ಕದ್ದು. ಕುಂಬಳ, ಸೌತೆ, ಹಾಗಲದ ಹೂ ಬೆಳಗ್ಗೆ ಅರಳುತ್ತದೆ. ಹೀರೆ, ಸೋರೆಯ ಹೂ ಅರಳುವುದು ಸಂಜೆ. ಹೀರೆಗೆ ಬೆಳಗಿನ ಹೊತ್ತು ಹೂ ಮುಟ್ಟಿಸಿ ಫಲ ಕಾಣದವರು ಹೊತ್ತನ್ನು ಬದಲಾಯಿಸಿ ನೋಡತಕ್ಕದ್ದು.

ಮಿಡಿ ನಿಂತು ಸೊಟ್ಟಗಾಗಿ ಒಳಗೆ ಕೊಳೆತರೆ ಅದು ಹಣ್ಣುನೊಣದ ಕೆಲಸ. ನೊಣವು ಎಳೆಯ ಕಾಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಹುಳು ಒಳಗೆ ತಿಂದು ಬೆಳೆದು ನೆಲಕ್ಕಿಳಿದು ಮಣ್ಣಿನಲ್ಲಿ ಕೋಶವಾಗುತ್ತದೆ. ಕೊಳೆತ ಕಾಯನ್ನು ಬಳ್ಳಿಯ ಬುಡದಲ್ಲಿಯೇ ಎಸೆಯುವುದೆಂದರೆ ಶತ್ರುವಿಗೆ ಮನೆ ಕಟ್ಟಿಕೊಟ್ಟಂತೆ. ಅಂಥ ಕಾಯಿಗಳನ್ನು ದಿನವೂ ಆರಿಸಿ ಎರಡಡಿ ಆಳದಲ್ಲಿ ಹೂಳಬೇಕು. ಪರಾಗ ಸೇರಿದ ಬಳಿಕ ಮಿಡಿಗೆ ಕಾಗದದ ಚೀಲ ಕಟ್ಟಿದರೆ ನೊಣದ ಕಾಟ ತಪ್ಪುವುದು. ನೆರೆಯವರೂ ಅದನ್ನೇ ಮಾಡಿದರೆ ಮಾತ್ರ ನೊಣದ ಸಂತತಿ ಇಳಿಯುತ್ತದೆ.

ಕಹಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಈ ಜಾತಿಯ ಗಿಡಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಪದಾರ್ಥವುಂಟು. ಶಾಖ, ನೀರಿನ ಅಭಾವಗಳಿಂದ ಸೌತೆಯಲ್ಲಿ ಕಹಿ ಹೆಚ್ಚುವುದುಂಟು. ಸೋರೆಕಾಯಿ ಕಹಿಯಾಗಿದ್ದರೆ ಅದನ್ನು ತಿನ್ನಲೂ ಕೂಡದು, ರಸ ಕುಡಿಯಲೂ ಕೂಡದು. ಕಹಿ ಸೋರೆಯ ರಸದಿಂದ ರಕ್ತವಾಂತಿಯಾಗಿ ಪ್ರಾಣಾಪಾಯವಾದ ಪ್ರಸಂಗಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞ ಸಮಿತಿಯು ಪರಿಶೀಲಿಸಿ, 2012ರಲ್ಲಿ ಪ್ರಕಟವಾದ ವರದಿಯಲ್ಲಿ ಇದೇ ಎಚ್ಚರಿಕೆಯನ್ನು ಕೊಟ್ಟಿದೆ. ಚೂರೊಂದನ್ನು ನಾಲಗೆಗೆ ಮುಟ್ಟಿಸಿ ನೋಡಿ, ಕಹಿಯಿದ್ದರೆ ಎಸೆಯತಕ್ಕದ್ದು. ಅಂಥ ಬಳ್ಳಿಯ ಬೀಜವನ್ನು ಇಟ್ಟುಕೊಳ್ಳಲೂ ಬಾರದು, ಮತ್ತೊಬ್ಬರಿಗೆ ಕೊಡಲೂ ಬಾರದು.

ಗೆಲವಿನ ಮಾತಿಗೆ ಕರಾವಳಿಯನ್ನು ನೋಡಬಹುದು. ಅಲ್ಲಿಯವರು ಭತ್ತದ ಕೊಯ್ಲಾದ ಗದ್ದೆಯಲ್ಲಿ ಉಳಿದ ಹದವನ್ನು ಬಳಸಿಕೊಂಡು ಸೌತೆ, ಅಲಸಂದೆ, ಹರಿವೆಗಳನ್ನು ಬೆಳೆಯುತ್ತಾರೆ. ಮಂಗಳೂರು ಸೌತೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿ, ತರಕಾರಿ ದುರ್ಲಭವಾದ ಮಳೆಗಾಲಕ್ಕೆ ಉಳಿಸಿಕೊಳ್ಳುವುದು ಅಲ್ಲಿಯ ವಾಡಿಕೆ. ಬೇಸಗೆಯ ಬೆಳೆಯು ಬೇಸಗೆಗೆ ಮಾತ್ರವಲ್ಲವೆಂಬುದಕ್ಕೆ ಇದು ನಿದರ್ಶನ.

ಸೊಪ್ಪು

ಕೊತ್ತಂಬರಿ, ಪಾಲಕ್ ಸೊಪ್ಪುಗಳು ಶಾಖ ಹೆಚ್ಚಿದೊಡನೆ ಎಲೆ ಬಿಡುವುದನ್ನು ನಿಲ್ಲಿಸಿ ಹೂವಿಗೆ ಏರುತ್ತವೆ. ಅವನ್ನು ಅರೆನೆರಳಿನಲ್ಲಿ ಸ್ವಲ್ಪಸ್ವಲ್ಪವಾಗಿ ಹತ್ತು ದಿನಕ್ಕೊಮ್ಮೆ ಬಿತ್ತಿ, ಎಳೆಯದಾಗಿಯೇ ಕಿತ್ತುಕೊಳ್ಳುವುದು ಮೇಲು. ಇವುಗಳಿಗಾಗಿ ನೀರನ್ನು ವೆಚ್ಚಮಾಡಲಾರದವರಿಗೆ ದಂಟು, ಹರಿವೆ, ಬಸಳೆಗಳಿವೆ. ಬಿಸಿಲು ಇವುಗಳಿಗೆ ವೈರಿಯಲ್ಲ. ಹರಿವೆ ಬಿತ್ತಿದ ಮೂರು ನಾಲ್ಕು ವಾರಗಳಲ್ಲಿ ಕೈಗೆ ಬರುತ್ತದೆ. ಬಸಳೆಯನ್ನು ಚಿಗುರು ಕೊಯ್ದಷ್ಟೂ ಹಬ್ಬುತ್ತದೆ. ಹೊಸದಾಗಿ ತೋಟ ಮಾಡುವವರು ಇವುಗಳಿಂದ ಆರಂಭಿಸುವುದು ಉತ್ತಮ.

ನೀರಿನ ಲೆಕ್ಕ

ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ನಿಂತರೆ ಅದು ಒಂದು ಲೀಟರು. ಬೇಸಗೆಯಲ್ಲಿ ಪೈರು ತುಂಬಿದ ಮಡಿಯಿಂದ ದಿನಕ್ಕೆ 5ರಿಂದ 6 ಮಿಲಿಮೀಟರು ನೀರು ಆರಿಹೋಗುತ್ತದೆಂದು ಇಟ್ಟುಕೊಂಡರೆ, ಹತ್ತು ಚದರ ಮೀಟರಿನ ಮಡಿಗೆ ದಿನಕ್ಕೆ 50ರಿಂದ 60 ಲೀಟರು, ಎಂದರೆ 15 ಲೀಟರಿನ ಕೊಡದಲ್ಲಿ ಸುಮಾರು ನಾಲ್ಕು ಕೊಡ ಬೇಕು.

ದಿನಕ್ಕೆ ಎರಡೇ ಕೊಡ ನೀರು ಒದಗುವ ಎರಡು ಮನೆಗಳಿವೆಯೆಂದು ಭಾವಿಸಿದರೆ, ಮೊದಲನೆಯವರು ಅದನ್ನು ಹತ್ತು ಚದರ ಮೀಟರಿಗೂ ಚಿಮುಕಿಸುತ್ತಾರೆ. ಗಿಡಕ್ಕೆ ಬೇಕಾದುದರಲ್ಲಿ ಅರ್ಧ ಮಾತ್ರ ಸಿಕ್ಕಿ ಎಲ್ಲ ಗಿಡಗಳೂ ಸೊರಗುತ್ತವೆ. ಎರಡನೆಯವರು ಮಡಿಯನ್ನು ಐದು ಚದರ ಮೀಟರಿಗೆ ಇಳಿಸುತ್ತಾರೆ. ಅಷ್ಟಕ್ಕೆ ನೀರು ಸಾಕಾಗಿ ಪೂರ್ಣ ಫಲ ದೊರೆಯುತ್ತದೆ. ನೋಡುವವರು ಇದನ್ನೇ ಕೈಗುಣವೆನ್ನುವರು. ವಾಸ್ತವವಾಗಿ ಇದು ಲೆಕ್ಕ.

ಬುಡಕ್ಕೆ ಒಣಎಲೆ, ರಾಗಿ ಹುಲ್ಲು ಅಥವಾ ತೆಂಗಿನ ನಾರಿನ ಪುಡಿಯನ್ನು ಎರಡು ಮೂರು ಅಂಗುಲ ದಪ್ಪ ಹೊದಿಸಿದರೆ ಮಣ್ಣು ತಂಪಾಗಿರುತ್ತದೆ, ನೀರು ಉಳಿಯುತ್ತದೆ. ನೀರನ್ನು ಬೆಳಗ್ಗೆ ಅಥವಾ ಸಂಜೆ, ಬೇರಿನ ಆಳಕ್ಕೆ ಇಳಿಯುವಂತೆ ಕೊಡತಕ್ಕದ್ದು. ಮಣ್ಣಿನೊಳಕ್ಕೆ ಬೆರಳನ್ನು ಪೂರ್ಣ ಚುಚ್ಚಿ ನೋಡಿ, ಹದವಿದ್ದರೆ ಆ ದಿನ ನೀರು ಬೇಡ. ಅಕ್ಕಿ, ತರಕಾರಿ ತೊಳೆದ ನೀರು ಮಡಿಗೆ ಸಲ್ಲುವುದು. ಸಾಬೂನಿನ ನೀರನ್ನು ಸೊಪ್ಪಿನ ಮಡಿಗೆ ಬಿಡಕೂಡದು. ತಾರಸಿಯ ಕುಂಡಗಳು ನೆಲಕ್ಕಿಂತ ಬೇಗ ಕಾದು ಒಣಗುವುದರಿಂದ ಅವುಗಳಿಗೆ ದಿನವೂ ನೀರು, ಮಧ್ಯಾಹ್ನ ನೆರಳು ಬೇಕು.

ಅನುಭವವನ್ನು ಹೇಳಿಕೊಳ್ಳುವ ಕ್ರಮ

ಒಬ್ಬರ ಗೆಲವು ಮತ್ತೊಬ್ಬರಿಗೆ ಉಪಯೋಗವಾಗಬೇಕಾದರೆ ಬರಿಯ ಕಾಯಿಯ ತೂಕವನ್ನು ಹೇಳಿದರೆ ಸಾಲದು. ಪ್ರತಿಯೊಂದು ಮನೆಯಲ್ಲಿಯೂ ಚಿಕ್ಕ ಪುಸ್ತಕವೊಂದನ್ನಿಟ್ಟು ಈ ಕೆಳಗಣ ವಿಷಯಗಳನ್ನು ಬರೆದಿಡತಕ್ಕದ್ದು:

1. ಬಿತ್ತಿದ ಅಥವಾ ನಾಟಿದ ತಾರೀಖು, ತಳಿಯ ಹೆಸರು, ಬೀಜ ಬಂದ ಮೂಲ.
2. ಮಡಿಗೆ ಬಿಸಿಲು ಬೀಳುವ ಹೊತ್ತು, ನೆರಳಿನ ಏರ್ಪಾಡು.
3. ಕೊಟ್ಟ ನೀರು, ಗೊಬ್ಬರ, ಹೊದಿಕೆ.
4. ಮೊದಲ ಹೂ, ಮೊದಲ ಕೊಯ್ಲು, ಕಡೆಯ ಕೊಯ್ಲಿನ ತಾರೀಖುಗಳು.
5. ಕಂಡ ಕೀಟ ರೋಗಗಳು, ಮಾಡಿದ ಉಪಾಯ, ಅದರ ಪರಿಣಾಮ.
6. ಸತ್ತ ಗಿಡಗಳ ಸಂಖ್ಯೆ.

ಕಡೆಯ ಅಂಶವನ್ನು ಬರೆಯಲು ಯಾರೂ ಸಂಕೋಚಪಡಬೇಕಾಗಿಲ್ಲ. ಬೀದಿಯ ನಾಲ್ಕು ಮನೆಗಳ ಇಂಥ ಪುಸ್ತಕಗಳನ್ನು ಒಟ್ಟಿಗಿಟ್ಟು ನೋಡಿದರೆ, ಯಾವ ತಿಂಗಳು ಯಾವ ಪೈರು ಆ ಮಣ್ಣಿಗೆ ಒಗ್ಗುವುದೆಂಬುದು ಸ್ಪಷ್ಟವಾಗುತ್ತದೆ. ಸಂದೇಹವುಳಿದರೆ ಎರಡು ಸಾಲುಗಳನ್ನು ಬಿತ್ತಿ, ಒಂದೇ ಒಂದು ವಿಷಯದಲ್ಲಿ ಮಾತ್ರ ಭೇದವಿಟ್ಟು ಪರೀಕ್ಷಿಸತಕ್ಕದ್ದು: ಒಂದಕ್ಕೆ ಹೊದಿಕೆ ಹಾಕಿ ಮತ್ತೊಂದಕ್ಕೆ ಹಾಕದೆ ಇರಬಹುದು. ಎರಡು ಮೂರು ಭೇದಗಳನ್ನು ಒಮ್ಮೆಗೇ ಮಾಡಿದರೆ ಫಲಕ್ಕೆ ಯಾವುದು ಕಾರಣವೆಂದು ತಿಳಿಯುವುದಿಲ್ಲ.

ಬೀಜದ ವಿನಿಮಯದಲ್ಲಿಯೂ ಇದೇ ನಿಯಮ. ಸಂಕರ ತಳಿಯ ಗಿಡದಿಂದ ಎತ್ತಿಟ್ಟ ಬೀಜವು ತಾಯಿಗಿಡದಂತೆಯೇ ಬೆಳೆಯುವುದಿಲ್ಲ. ಅದನ್ನು ಕೊಡುವವರು ಆ ಮಾತನ್ನು ಹೇಳಿಯೇ ಕೊಡತಕ್ಕದ್ದು. ನಾಟಿ ತಳಿಯ ಬೀಜವನ್ನು ಆರೋಗ್ಯವಾದ ಗಿಡದ ಚೆನ್ನಾಗಿ ಬಲಿತ ಕಾಯಿಯಿಂದ ತೆಗೆದು, ನೆರಳಿನಲ್ಲಿ ಒಣಗಿಸಿ, ತಾರೀಖು ಬರೆದ ಪೊಟ್ಟಣದಲ್ಲಿ ಇಡಬೇಕು.

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಬೇಸಗೆಯ ಸಂಕಟ ಮರೆತುಹೋಗುವುದು ಸಹಜ. ಅದಕ್ಕೆ ಮುಂಚೆಯೇ ಲೆಕ್ಕವನ್ನು ಬರೆದಿಟ್ಟುಕೊಂಡವರು ಮುಂದಿನ ನವೆಂಬರ್ ತಿಂಗಳಲ್ಲಿ ಪುಸ್ತಕವನ್ನು ತೆರೆದು, ಟೊಮೇಟೊ ಸಸಿಯನ್ನು ಸಕಾಲದಲ್ಲಿ ನಾಟಲು ಸಿದ್ಧರಾಗುವರು.