ಎರಡು ಕಾರ್ಡು, ಒಂದು ಗುಣಾಕಾರ

ಗ್ರಾಫಿಕ್ಸ್ ಕಾರ್ಡುಗಳನ್ನು ಹೋಲಿಸುವ ಕೋಷ್ಟಕಗಳಲ್ಲೆಲ್ಲ ಅಗ್ರಸ್ಥಾನವನ್ನು ಅಲಂಕರಿಸಿರುವ 'ಟೆರಾಫ್ಲಾಪ್' ಎಂಬ ಸಂಖ್ಯೆಯು ಯಾರೂ ಯಂತ್ರವನ್ನು ಓಡಿಸಿ ಅಳೆದು ಪಡೆದುದಲ್ಲ, ಕಾಗದದ ಮೇಲೆ ಗುಣಿಸಿ ಪಡೆದುದು ಎಂಬ ಸಂಗತಿಯನ್ನು, ಮುಂಡರಗಿ ಸೀಮೆಯ ಮಕ್ಕಳಿಗೆ ಬಹುಕಾಲ ಗಣಿತವನ್ನು ಬೋಧಿಸಿದ ನಾನು ಅರಿತುದು ನಿವೃತ್ತಿಯ ತರುವಾಯ, ಅಣ್ಣನ ಮಗನ ನಿಮಿತ್ತದಿಂದ. ಹಮ್ಮಿಗಿಯಲ್ಲಿದ್ದುಕೊಂಡು ಸುತ್ತಣ ಊರುಗಳ ಮದುವೆಗಳಿಗೆ ಶೂಟಿಂಗಿಗೆ ಹೋಗಿ, ರಾತ್ರಿಯೆಲ್ಲ ಕುಳಿತು ಮಿಕ್ಸಿಂಗ್ ಮಾಡುವ ಆ ಹುಡುಗನು 2018ರಲ್ಲಿ ಎರಡು ಕಾರ್ಡುಗಳ ವಿವರವನ್ನು ಬರೆದುಕೊಂಡು ಬಂದು ನನ್ನ ಮುಂದಿಟ್ಟನು. ಒಂದು ಎನ್ವಿಡಿಯಾದವರ ಜಿಟಿಎಕ್ಸ್ 1050 ಟಿಐ, 2016ರ ಅಕ್ಟೋಬರಿನಲ್ಲಿ ಬಂದುದು. ಮತ್ತೊಂದು ಎಎಮ್‌ಡಿಯವರ ಆರ್‌ಎಕ್ಸ್ 560, ಅದರ ಮರುವರ್ಷದ್ದು.

"ಕಾಕಾ, ಇದರಾಗ ಕೋರ್ 1024 ಅದಾವ್ರೀ, ಅದರಾಗ ಬರೇ 768. ಇನ್ನೇನ್ ವಿಚಾರ ಮಾಡೂದೈತ್ರಿ?" ಎಂಬುದು ಅವನ ವಾದ.

ವಿಚಾರ ಮಾಡುವುದು ಬಹಳವಿತ್ತು. ಕೋರುಗಳ ಸಂಖ್ಯೆಯನ್ನು ಸೆಕೆಂಡಿಗೆ ಅವು ಮಿಡಿಯುವ ವೇಗದಿಂದ ಗುಣಿಸಿ, ಒಂದೊಂದು ಮಿಡಿತದಲ್ಲಿಯೂ ಒಂದು ಗುಣಾಕಾರ, ಒಂದು ಸಂಕಲನ ಜೊತೆಯಾಗಿ ನಡೆಯುವುದರಿಂದ ಮತ್ತೆ ಎರಡರಿಂದ ಗುಣಿಸಿದರೆ ದೊರೆಯುವುದೇ ಸೈದ್ಧಾಂತಿಕ ಸಾಮರ್ಥ್ಯ. 768 ಕೋರು, 1392 ಮೆಗಾಹರ್ಟ್ಸ್: ಸೆಕೆಂಡಿಗೆ ಸುಮಾರು 2.1 ಲಕ್ಷ ಕೋಟಿ ಕ್ರಿಯೆಗಳು. 1024 ಕೋರು, 1275 ಮೆಗಾಹರ್ಟ್ಸ್: 2.6 ಲಕ್ಷ ಕೋಟಿ. ಲಕ್ಷ ಕೋಟಿಗೇ ಟೆರಾ ಎಂದು ಹೆಸರು. ಈ ಲೆಕ್ಕದಂತೆ ಆರ್‌ಎಕ್ಸ್ 560 ಶೇಕಡಾ 22ರಷ್ಟು ಬಲಿಷ್ಠವಾಗಬೇಕು. ಆದರೆ ಆಟಗಳನ್ನು ಓಡಿಸಿ ಅಳೆದವರೆಲ್ಲರ ಫಲಿತಾಂಶಗಳಲ್ಲಿ ಬಹುತೇಕ ಕಡೆ ಮುಂದಿದ್ದುದು 1050 ಟಿಐ.

ಈ ವಿಪರ್ಯಾಸದ ಕಾರಣವನ್ನು ಹುಡುಕುತ್ತ ಕೋಷ್ಟಕದ ಕೆಳಗಿನ ಸಾಲುಗಳಿಗೆ ಇಳಿದಾಗ, ಜಾಹೀರಾತಿನವರು ಎಂದೂ ಉಚ್ಚರಿಸದ 'ಆರ್‌ಒಪಿ' ಎಂಬ ಅಂಗವೊಂದು ನನ್ನ ಕಣ್ಣಿಗೆ ಬಿದ್ದಿತು. ಲೆಕ್ಕ ಮುಗಿದ ಪಿಕ್ಸೆಲ್ಲುಗಳನ್ನು ಅಂತಿಮವಾಗಿ ಸ್ಮೃತಿಯಲ್ಲಿ ಬರೆದಿಡುವ ಘಟಕಗಳಿವು. 1050 ಟಿಐನಲ್ಲಿ ಅಂಥವು 32. ಆರ್‌ಎಕ್ಸ್ 560ರಲ್ಲಿ ಕೇವಲ 16. ಅದೇ ರೀತಿಯ ಗುಣಾಕಾರದಿಂದಲೇ ನೋಡಿದರೂ ಮೊದಲನೆಯದು ಸೆಕೆಂಡಿಗೆ 44.5 ಶತಕೋಟಿ ಪಿಕ್ಸೆಲ್ಲುಗಳನ್ನು ಬರೆಯಬಲ್ಲುದು, ಎರಡನೆಯದು 20.4 ಶತಕೋಟಿಯನ್ನು. ನಮ್ಮೂರ ಬ್ಯಾರೇಜಿನಲ್ಲಿ ತುಂಗಭದ್ರೆಯ ನೀರು ಎಷ್ಟೇ ತುಂಬಿ ನಿಂತಿರಲಿ, ಸಿಂಗಟಾಲೂರು ಏತ ನೀರಾವರಿಯ ಪಂಪು ಎತ್ತಿದಷ್ಟು, ಕಾಲುವೆ ಹಿಡಿದಷ್ಟೇ ಹೊಲವನ್ನು ಸೇರುವುದೆಂಬುದನ್ನು ಬಲ್ಲ ಹಮ್ಮಿಗಿಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಸ್ಮೃತಿಯ ವಿಷಯದಲ್ಲಾದರೋ ಇಬ್ಬರೂ ಸಮಾನರು: 128 ಬಿಟ್ಟಿನ ಹಾದಿ, ಸೆಕೆಂಡಿಗೆ 112 ಗಿಗಾಬೈಟ್. ಆದರೆ ಆ ಸಮಾನ ಹಾದಿಯನ್ನೇ ಎನ್ವಿಡಿಯಾದ ಚಿಪ್ಪು, ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದು ತನ್ನೊಳಗೇ ಸಂಸ್ಕರಿಸಿಕೊಂಡು, ಹೆಚ್ಚು ಮಿತವ್ಯಯದಿಂದ ಬಳಸುತ್ತಿತ್ತು. ಅಲ್ಲದೆ ಘೋಷಿತ 1392ನ್ನು ಮೀರಿ, ತಂಪು ಸಾಕಷ್ಟಿದ್ದರೆ, 1600 ಮೆಗಾಹರ್ಟ್ಸನ್ನೂ ದಾಟಿ ಓಡುವುದು ಅದಕ್ಕೆ ವಾಡಿಕೆಯಾಗಿತ್ತು. ಅಂದರೆ ಗುಣಾಕಾರಕ್ಕೆ ನಾವು ತೆಗೆದುಕೊಂಡ ಮೂಲಸಂಖ್ಯೆಯೇ ವಾಸ್ತವದಲ್ಲಿ ಸ್ಥಿರವಲ್ಲ.

ಇನ್ನು ಹೆಸರಿನ ಮಾತು. ಆರ್‌ಎಕ್ಸ್ 560 ಎಂಬ ಒಂದೇ ನಾಮಧೇಯದಡಿ 1024ಕ್ಕೆ ಬದಲಾಗಿ 896 ಕೋರುಗಳ ಕಾರ್ಡುಗಳೂ ಮಾರಾಟವಾಗುತ್ತಿದ್ದುದು 2017ರ ಡಿಸೆಂಬರಿನಲ್ಲಿ ಬಯಲಿಗೆ ಬಂದು, ತಯಾರಕರೇ ಅದನ್ನು ಒಪ್ಪಿಕೊಂಡಿದ್ದರು. ಆದುದರಿಂದ ಅಂಗಡಿಯವನಿಗೆ ಹೆಸರನ್ನು ಹೇಳುವುದು ಸಾಲದು, ಪೆಟ್ಟಿಗೆಯ ಹಿಂಬದಿಯ ಸಣ್ಣಕ್ಷರವನ್ನೂ ಓದಬೇಕು ಎಂದು ಹುಡುಗನಿಗೆ ಹೇಳಿದೆನು.

ಈ ಕಾಗದದ ಬಲ ಮತ್ತು ಕಾರ್ಯದ ಬಲಗಳ ಅಂತರವು ಅಗ್ಗದ ಕಾರ್ಡುಗಳಿಗೆ ಮಾತ್ರ ಅಂಟಿದ ದೋಷವೆಂದು ಭಾವಿಸಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಕಾರ್ಯಾರಂಭ ಮಾಡಿದ 'ಸಹಸ್ರ-ಟಿ' ಎಂಬ ಮಹಾಗಣಕದ ಸೈದ್ಧಾಂತಿಕ ಗರಿಷ್ಠವು 1244 ಟೆರಾಫ್ಲಾಪ್. ಲಿನ್‌ಪ್ಯಾಕ್ ಎಂಬ ಸಮೀಕರಣ ಪರೀಕ್ಷೆಯಲ್ಲಿ ಅದು ಮಾಡಿ ತೋರಿಸಿದುದು 901. ಜಗತ್ತಿನ ಮೊದಲ ಐನೂರು ಮಹಾಗಣಕಗಳ ಪಟ್ಟಿಯನ್ನು 1993ರಿಂದ ಪ್ರಕಟಿಸುತ್ತ ಬಂದಿರುವವರು ಈ ಎರಡು ಸಂಖ್ಯೆಗಳನ್ನೂ ಅಕ್ಕಪಕ್ಕದಲ್ಲಿ ಮುದ್ರಿಸಿ, ಶ್ರೇಣಿಯನ್ನು ಮಾತ್ರ ಎರಡನೆಯದರಿಂದ ನಿರ್ಣಯಿಸುತ್ತಾರೆ. ಕಾರ್ಡು ಮಾರುವವರಿಗೆ ಈ ಸೌಜನ್ಯವನ್ನು ಯಾರೂ ಕಲಿಸಿದಂತಿಲ್ಲ.

ಒಂದೇ ಮನೆತನದ ಕಾರ್ಡುಗಳನ್ನಾದರೂ ಟೆರಾಫ್ಲಾಪಿನಿಂದ ಅಳೆಯಬಹುದೆಂದು ಕೆಲಕಾಲ ನಾನು ಎಲ್ಲರಿಗೂ ಹೇಳುತ್ತಿದ್ದೆ. 2020ರಲ್ಲಿ ಎನ್ವಿಡಿಯಾದವರ ಆರ್‌ಟಿಎಕ್ಸ್ 3070 ಬಂದು ಆ ಸೂತ್ರಕ್ಕೂ ಅಪವಾದವನ್ನು ತಂದಿತು. ಅದರ ಘೋಷಿತ ಬಲ 20.3, ಅದೇ ಮನೆಯ ಹಿಂದಿನ 2080 ಟಿಐನ ಬಲ 13.4, ಆಟದಲ್ಲಿ ಮಾತ್ರ ಎರಡೂ ಹೆಚ್ಚುಕಡಮೆ ಸರಿಸಮ. ಹೊಸ ರಚನೆಯಲ್ಲಿ ಅರ್ಧದಷ್ಟು ಕೋರುಗಳು ಪೂರ್ಣಾಂಕಗಳ ಲೆಕ್ಕವನ್ನೂ ತಾವೇ ಹೊರಬೇಕಾಗಿ, ಆ ಹೊತ್ತಿನಲ್ಲಿ ದಶಮಾಂಶದ ಲೆಕ್ಕಕ್ಕೆ ಅವು ಒದಗದೆಹೋಗುವುದೇ ಇದಕ್ಕೆ ಮುಖ್ಯ ಕಾರಣ. ಒಂದೇ ಪೀಳಿಗೆಯೊಳಗೆ ಹೋಲಿಸಬಹುದು ಎಂದು ಈಗ ಹೇಳುತ್ತೇನೆ.

ಕೊನೆಗೆ ಹುಡುಗನು ಕೊಂಡುದು 1050 ಟಿಐ; ಅದನ್ನು ನಿರ್ಣಯಿಸಿದುದಾದರೋ ಆರ್‌ಒಪಿಯೂ ಅಲ್ಲ, ಟೆರಾಫ್ಲಾಪೂ ಅಲ್ಲ. ಅದರ ಸಾಧಾರಣ ಮಾದರಿಗೆ ಮದರ್‌ಬೋರ್ಡಿನ ಕಿಂಡಿಯೇ ಕೊಡುವ 75 ವ್ಯಾಟ್ ಸಾಕು. ಅಂಗಡಿಯಲ್ಲಿದ್ದ ಇನ್ನೊಂದು ಕಾರ್ಡಿಗೆ ಪವರ್ ಸಪ್ಲೈಯಿಂದ 6 ಪಿನ್ನಿನ ಪ್ರತ್ಯೇಕ ತಂತಿ ಬೇಕಿತ್ತು, ಅದು ಅವನ ಹಳೆಯ ಪೆಟ್ಟಿಗೆಯಲ್ಲಿರಲಿಲ್ಲ.

ನಿಜವಾದ ಪಾಠ ದೊರೆತುದು ಅದರ ಬಳಿಕ. ಗದಗ-ಬೆಟಗೇರಿಯ ಅವನ ಗೆಳೆಯನೊಬ್ಬನ ಯಂತ್ರದಲ್ಲಿ ಎರಡೂ ಕಾರ್ಡುಗಳನ್ನು ಒಂದರ ನಂತರ ಒಂದು ಕೂಡಿಸಿ, ಒಂದೇ ಮದುವೆಯ ಅಕ್ಕಿಕಾಳಿನ ಭಾಗವನ್ನು ಎಡಿಯಸ್ ತಂತ್ರಾಂಶದಿಂದ ಹೊರತೆಗೆದು ನೋಡಿದೆವು. ಕಾಲದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನಮ್ಮ ಕಡೆಯ ಮಿಕ್ಸಿಂಗಿನವರು ನಚ್ಚಿಕೊಂಡಿರುವ ಆ ತಂತ್ರಾಂಶವು ಆಗ ಬಹುಪಾಲು ಕೆಲಸವನ್ನು ಪ್ರೊಸೆಸರಿನಿಂದಲೇ ಮಾಡಿಸುತ್ತಿತ್ತು; ಸಿದ್ಧವಾದ ವಿಡಿಯೊವನ್ನು ಕುಗ್ಗಿಸಿ ಬರೆಯುವುದಕ್ಕೆ ಇಂಟೆಲ್ ಪ್ರೊಸೆಸರಿನೊಳಗಿನ ಕ್ವಿಕ್ ಸಿಂಕ್ ಎಂಬ ಅಂಗವನ್ನು ಆಶ್ರಯಿಸುತ್ತಿತ್ತು; ಕಾರ್ಡನ್ನು ಕರೆಯುತ್ತಿದ್ದುದು ಕೆಲವು ಅಲಂಕಾರದ ಪರಿಣಾಮಗಳಿಗೆ ಮಾತ್ರ. ಇದಕ್ಕಿಂತ ವಿಚಿತ್ರವಾದುದು ಇನ್ನೊಂದಿದೆ: ಹೊರಗಿನ ಕಾರ್ಡನ್ನು ಕೂಡಿಸಿದೊಡನೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸನ್ನು ತಾವಾಗಿಯೇ ಸ್ಥಗಿತಗೊಳಿಸುವ ಮದರ್‌ಬೋರ್ಡುಗಳಿವೆ, ಅದರೊಡನೆ ಕ್ವಿಕ್ ಸಿಂಕೂ ಮರೆಯಾಗಿ, ಹಣ ಕೊಟ್ಟು ಕಾರ್ಡು ತಂದವನ ಮಿಕ್ಸಿಂಗ್ ಮೊದಲಿಗಿಂತ ನಿಧಾನವಾಗುತ್ತದೆ. ಹಾಗಾಯಿತೆಂದು ಮುಂಡರಗಿಯಿಂದಲೋ ಡಂಬಳದಿಂದಲೋ ಯಾರಾದರೂ ಫೋನು ಮಾಡಿದರೆ, ಅಣ್ಣನ ಮಗನು ಕಾರ್ಡಿನ ಹೆಸರನ್ನೂ ಕೇಳದೆ, "ಬಯಾಸ್‌ನ್ಯಾಗ ಒಳಗಿನ ಗ್ರಾಫಿಕ್ಸ್ ಚಾಲೂ ಐತೇನ್ ನೋಡ್ರಿ ಮೊದಲ" ಎನ್ನುತ್ತಾನೆ.